ಆದರ್ಶ ಗೋಡೆಯ ಮೇಲೆ, ಒಳಪಂಗಡ ಅರ್ಜಿಯ ಮೇಲೆ



2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ವಿಶ್ವಗುರು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಲು ತೀರ್ಮಾನಿಸಿತು. ಅದರ ಬೆನ್ನಿಗೇ ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ಇರಿಸಬೇಕೆಂಬ ಆದೇಶವೂ ಹೊರಟಿತು. ನಾವೆಲ್ಲರೂ ಸಂತೋಷಪಟ್ಟೆವು, ಸಂತೋಷಪಡತಕ್ಕ ಸಂಗತಿಯೇ ಅದು. ಮರುವರ್ಷ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಗಣತಿದಾರರು ಮನೆಯ ಬಾಗಿಲಿಗೆ ಬಂದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿಯ ಕಾಲಂನಲ್ಲಿ ಏನು, ಉಪಜಾತಿಯ ಕಾಲಂನಲ್ಲಿ ಏನು ಎಂದು ನಾವು ವಾರಗಟ್ಟಲೆ ಚರ್ಚಿಸಿದೆವು. ಆ ದಿನಗಳಲ್ಲಿ ಶ್ರೀಮಠಕ್ಕೆ ಬಂದ ದೂರವಾಣಿ ಕರೆಗಳಲ್ಲಿ ಹೆಚ್ಚಿನವು ಇದನ್ನು ಕುರಿತಾದವುಗಳೇ ಆಗಿದ್ದವು.

ಕುಲಭೇದವನ್ನು ನಿರಾಕರಿಸಿದವರನ್ನು ನಾಯಕರೆಂದು ಒಪ್ಪಿದ ಸಮಾಜವೇ ತನ್ನ ಉಪಜಾತಿಯ ಹೆಸರು ತಪ್ಪಿಹೋಗದಿರಲೆಂದು ಇಷ್ಟು ಕಾತರಿಸಿದ್ದನ್ನು ಕಂಡು ಹಲವರು ನಕ್ಕರು. ಆದರ್ಶವೇ ಬೇರೆ, ವ್ಯವಹಾರವೇ ಬೇರೆ ಎಂದರು. ಈ ಮಾತನ್ನು ನಾವು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕಾಗಿದೆ.

ಕನ್ನಡಿಯೆಂಬ ಅರ್ಥ

ಆದರ್ಶ ಎಂಬ ಸಂಸ್ಕೃತ ಶಬ್ದಕ್ಕೆ ಮೂಲತಃ ಕನ್ನಡಿ ಎಂದು ಅರ್ಥ. ಈಗ ನಾವು ಅದನ್ನು ಎತ್ತರದಲ್ಲಿರುವ, ಕೈಗೆಟುಕದ ಗುರಿ ಎಂಬರ್ಥದಲ್ಲಿ ಬಳಸುತ್ತಿದ್ದೇವೆ. ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಪ್ಲೇಟೋ ಪ್ರತಿಪಾದಿಸಿದ್ದು ಇದಕ್ಕೆ ಸಮೀಪದ ವಿಚಾರ. ಪರಿಪೂರ್ಣವಾದ ರೂಪಗಳು ಬೇರೊಂದು ನೆಲೆಯಲ್ಲಿವೆ, ಇಲ್ಲಿ ನಾವು ಕಾಣುವುದೆಲ್ಲ ಅವುಗಳ ಛಾಯೆ ಮಾತ್ರ ಎಂಬುದು ಆತನ ಮತ. ಶರಣರ ನಿಲುವು ಇದಕ್ಕಿಂತ ಭಿನ್ನ. ಈ ಲೋಕದ ಬಾಳಿನಲ್ಲಿ ಪರೀಕ್ಷೆಗೆ ನಿಲ್ಲದ ಮಾತಿಗೆ ಇನ್ನೊಂದು ಲೋಕದಲ್ಲಿ ಬೆಲೆಯುಂಟೆಂದು ಅವರು ಒಪ್ಪಲಿಲ್ಲ. ಕಾಯಕ, ದಾಸೋಹ ಎರಡೂ ದಿನನಿತ್ಯದ ದುಡಿಮೆ ಮತ್ತು ಹಂಚಿಕೆಯ ಹೆಸರುಗಳು. ಆದ್ದರಿಂದ ನಮ್ಮ ಪರಂಪರೆಯಲ್ಲಿ ಆದರ್ಶವನ್ನು ಕನ್ನಡಿಯೆಂದೇ ತಿಳಿಯುವುದು ಹೆಚ್ಚು ಉಚಿತ. ಅದರಲ್ಲಿ ಕಾಣಬೇಕಾದದ್ದು ನಮ್ಮ ಮುಖ.

ಚಿತ್ರಕಲೆ ಇಲ್ಲಿ ಒಂದು ತೊಡಕನ್ನು ತಂದೊಡ್ಡುತ್ತದೆ. ಬಸವಣ್ಣನವರ ಸಮಕಾಲೀನ ಚಿತ್ರವಾವುದೂ ನಮಗೆ ದೊರೆತಿಲ್ಲ. ಅವರನ್ನು ಹೆಸರಿಸುವ ಅರ್ಜುನವಾಡದ ಶಾಸನವೂ 1260ರದು, ಅಂದರೆ ಕಲ್ಯಾಣಕ್ರಾಂತಿಯಾಗಿ ಸುಮಾರು ಒಂದು ಶತಮಾನದ ನಂತರದ್ದು. ನಾವು ಪೂಜಿಸುವ ಶಾಂತ ಮುಖ, ಕಿರೀಟ, ಆಭರಣಗಳೆಲ್ಲ ಭಕ್ತಿಯಿಂದ ಕಲಾವಿದರು ಕಲ್ಪಿಸಿಕೊಂಡವು. ಅದು ತಪ್ಪಲ್ಲ. ಆದರೆ ಅಂತಹ ಚಿತ್ರದಲ್ಲಿ ಕಲ್ಯಾಣದ ಬೀದಿಯ ಸಂಕಟ ಕಾಣಿಸುವುದಿಲ್ಲ. ಅದನ್ನು ಕಾಣಿಸಿದವರು ನಮ್ಮ ನಾಟಕಕಾರರು. ಗಿರೀಶ ಕಾರ್ನಾಡರು 1990ರಲ್ಲಿ ಪ್ರಕಟಿಸಿದ 'ತಲೆದಂಡ'ದಲ್ಲಿ ಬಸವಣ್ಣನವರು, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆಯಲಿರುವ ಮದುವೆಯ ಪರಿಣಾಮವನ್ನು ನೆನೆದು ಕಳವಳಗೊಳ್ಳುತ್ತಾರೆ. ಈ ಚಿತ್ರಣವನ್ನು ಕೆಲವರು ಮೆಚ್ಚಲಾರರು. ನಮಗೆ ಮಾತ್ರ ಅದು ಬಸವಣ್ಣನವರನ್ನು ಕಿರಿದುಗೊಳಿಸಿದಂತೆ ತೋರಿಲ್ಲ. ಬೆಲೆ ಎಷ್ಟೆಂದು ಬಲ್ಲವರು ನಡೆದ ದಾರಿಗೆ ಹೆಚ್ಚಿನ ಗೌರವ ಸಲ್ಲುತ್ತದೆ. ಪರಂಪರೆ ಹೇಳುವಂತೆ, ಆ ಮದುವೆಗಾಗಿ ಹರಳಯ್ಯ ಮಧುವರಸರು ಪ್ರಾಣವನ್ನೇ ತೆತ್ತರು.

ಎರಡು ಬಗೆಯ ಕಾಲಂ

ಈಗ ಸಮೀಕ್ಷೆಯ ವಿಷಯಕ್ಕೆ ಬರೋಣ. ಉಪಜಾತಿಯನ್ನು ಬರೆಸಿದವರು ಆದರ್ಶಕ್ಕೆ ದ್ರೋಹ ಮಾಡಿದರೆಂದು ನಾವು ಹೇಳಲಾರೆವು. ರಾಜ್ಯದ ಮೀಸಲಾತಿ ಪಟ್ಟಿಯಲ್ಲಿ ಲಿಂಗಾಯತರು 3ಬಿ ಪ್ರವರ್ಗದಲ್ಲಿದ್ದಾರೆ. ನಮ್ಮೊಳಗಿನ ಕೆಲವು ಕಾಯಕ ಸಮುದಾಯಗಳು 2ಎ ಪ್ರವರ್ಗದ ಸೌಲಭ್ಯ ಪಡೆಯುತ್ತವೆ. ಶತಮಾನಗಳ ಹಿಂದುಳಿದಿರುವಿಕೆಯನ್ನು ಅಳೆಯಲು ಸರ್ಕಾರಕ್ಕೆ ಅಂಕಿ ಅಂಶ ಬೇಕು. ಬಡ ಕುಟುಂಬದ ಮಗುವೊಂದು ವಿದ್ಯಾರ್ಥಿವೇತನಕ್ಕಾಗಿ ತನ್ನ ಸಮುದಾಯವನ್ನು ನಮೂದಿಸಿದರೆ ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಮುಂಬರುವ 2027ರ ಜನಗಣತಿಯಲ್ಲಿಯೂ ಜಾತಿಯ ಎಣಿಕೆ ನಡೆಯಲಿದೆ. ಅಲ್ಲಿಯೂ ನಾವು ಸತ್ಯವನ್ನೇ ಬರೆಸೋಣ. ಸರ್ಕಾರದ ಕಾಲಂ ಕೇಳುವುದು ಸಮಾಜದಲ್ಲಿ ಇರುವುದನ್ನು.

ಯಾವ ಸರ್ಕಾರವೂ ಒತ್ತಾಯಿಸದೆ ನಾವೇ ಮುದ್ರಿಸಿಕೊಂಡ ಕಾಲಂಗಳು ಬೇರೆ ಇವೆ. ವಧೂವರರ ಸಮಾವೇಶದ ಪತ್ರದಲ್ಲಿ, ಪತ್ರಿಕೆಯ ವೈವಾಹಿಕ ಜಾಹೀರಾತಿನಲ್ಲಿ 'ಒಳಪಂಗಡ' ಎಂಬ ಶಬ್ದ ತಪ್ಪದೆ ಇರುತ್ತದೆ. ಇರುವುದನ್ನು ದಾಖಲಿಸುವುದಷ್ಟೇ ಅದರ ಕೆಲಸವಲ್ಲ. ಅದು ಹೀಗೆಯೇ ಮುಂದುವರಿಯಲಿ ಎಂಬ ನಮ್ಮ ಬಯಕೆ ಅದರಲ್ಲಿದೆ.

ಈ ಮಾತನ್ನು ಇತರರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನು ನಿವೇದಿಸಿಕೊಳ್ಳಬೇಕು. ಶ್ರೀಮಠದ ಜಾತ್ರೆಯ ಸಾಮೂಹಿಕ ವಿವಾಹದ ಅರ್ಜಿಯಲ್ಲಿ ಏಳನೆಯ ಸಾಲು 'ಒಳಪಂಗಡ'. ಪ್ರತಿವರ್ಷವೂ ಹಳೆಯ ಪ್ರತಿಯನ್ನೇ ಮುದ್ರಣಾಲಯಕ್ಕೆ ಕಳಿಸುತ್ತ ಬಂದವರು ನಾವೇ. ಕಳೆದ ಸಲ ಇಬ್ಬರು ತಂದೆಯರು ಒಟ್ಟಿಗೆ ಕಾರ್ಯಾಲಯಕ್ಕೆ ಬಂದರು. ಇಬ್ಬರ ಕೊರಳಲ್ಲೂ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ. ಮಕ್ಕಳಿಬ್ಬರೂ ಒಪ್ಪಿದ್ದಾರೆ, ಪಂಗಡ ಬೇರೆಯಾದ್ದರಿಂದ ಬಂಧುಗಳು ಮಾತ್ರ ಬರುವುದಿಲ್ಲ ಎಂದರು. ಅರ್ಜಿಯಲ್ಲಿ ಏಳನೆಯ ಸಾಲು ಖಾಲಿಯಿತ್ತು. ಅದನ್ನು ತುಂಬಿರೆಂದು ನಮ್ಮ ಸಿಬ್ಬಂದಿ ಹೇಳಿದಾಗ ಹುಡುಗಿಯ ತಂದೆ ಹೀಗೆಂದರು: "ಅಪ್ಪಾರು ಪ್ರವಚನದಾಗ ಎಲ್ಲಾರೂ ಒಂದ ಅಂತಾರ್ರಿ. ಈ ಹಾಳ್ಯಾಗ ಮತ್ತ ಬ್ಯಾರೆ ಬ್ಯಾರೆ ಯಾಕ ಕೇಳ್ತೀರಿ?"

ನಮ್ಮ ಬಳಿ ಉತ್ತರವಿರಲಿಲ್ಲ. ಆ ಮದುವೆ ನಡೆಯಿತು. ಉತ್ತರ ಮಾತ್ರ ಇಂದಿಗೂ ಹೊಳೆದಿಲ್ಲ.

ಕಾನೂನಿನ ಆಸರೆಯೂ ನಮಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದು ವಧುವಿಗೆ 18, ವರನಿಗೆ 21 ವರ್ಷ ತುಂಬಿರಬೇಕೆನ್ನುತ್ತದೆ. ಇಬ್ಬರದೂ ಒಂದೇ ಪಂಗಡವಾಗಿರಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಪ್ರಾಪ್ತ ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹೀಗಿದ್ದರೂ ಮರ್ಯಾದೆಯ ಹೆಸರಿನಲ್ಲಿ ಹೆತ್ತ ಮಕ್ಕಳನ್ನೇ ಕೊಂದ ಸುದ್ದಿಗಳನ್ನು ನಾವು ಓದುತ್ತಿದ್ದೇವೆ. ಅಂತಹ ಕ್ರೌರ್ಯಕ್ಕೂ ನಮ್ಮ ಏಳನೆಯ ಸಾಲಿಗೂ ಬಹಳ ದೂರವಿದೆಯೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಬೇರೆ ಪಂಗಡದ ಸಂಬಂಧ ಅವಮಾನವೆಂಬ ಭಾವನೆಗೆ ಮಠದ ಮುದ್ರೆಯಿರುವ ಕಾಗದ ನೀರೆರೆಯಬಾರದು.

ನಡೆದು ತೋರಿದವರು

ಆದರ್ಶ ವ್ಯವಹಾರಕ್ಕೆ ಬಾರದೆನ್ನುವವರು ನಮ್ಮ ನಾಡಿನ ಇತ್ತೀಚಿನ ಚರಿತ್ರೆಯನ್ನಾದರೂ ನೋಡಬೇಕು. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಸೋತಾಗ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದೊಡನೆ, ಮೂರೇ ತಿಂಗಳಿಗೆ, ಕಂಠಿಯವರು ಆ ಪೀಠವನ್ನು ಬಿಟ್ಟುಕೊಟ್ಟರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಗಳಿಸಿದ್ದನ್ನೆಲ್ಲ ವಚನಗಳ ಮುದ್ರಣಕ್ಕೇ ವ್ಯಯಿಸಿ ಬಡತನದಲ್ಲಿ ಬಾಳಿದರು. ಒಬ್ಬರು ಅಧಿಕಾರವನ್ನು, ಇನ್ನೊಬ್ಬರು ಸಂಪತ್ತನ್ನು ಬಿಟ್ಟರು. ನಮ್ಮಿಂದ ಅಪೇಕ್ಷಿತವಾಗಿರುವುದು ಅರ್ಜಿಯ ಒಂದು ಸಾಲನ್ನು ಬಿಡುವುದು.

ಪೂಜ್ಯರ ಅಪ್ಪಣೆ ಪಡೆದು ಈ ವಿಷಯವನ್ನು ಆಡಳಿತ ಮಂಡಳಿಯ ಮುಂದಿರಿಸಿದ್ದೇವೆ. ಎಲ್ಲರೂ ಒಪ್ಪಿದರೆಂದು ಹೇಳಲಾರೆವು. ದಾನಿಗಳು ಬೇಸರಿಸಿಕೊಂಡಾರು, ಬರುವ ಜೋಡಿಗಳ ಸಂಖ್ಯೆ ಇಳಿದೀತು ಎಂಬ ಆತಂಕವನ್ನು ಹಿರಿಯ ಸದಸ್ಯರು ವ್ಯಕ್ತಪಡಿಸಿದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೂ ಬರುವ ಜಾತ್ರೆಯ ಅರ್ಜಿಯನ್ನು ಏಳನೆಯ ಸಾಲಿಲ್ಲದೆ ಮುದ್ರಿಸಲು ಪೂಜ್ಯರು ಸೂಚಿಸಿದ್ದಾರೆ. ಆ ಸ್ಥಳದಲ್ಲಿ ವಧೂವರರಿಬ್ಬರ ಸಮ್ಮತಿಯ ಸಹಿಗೆ ಜಾಗ ಬಿಡಲಾಗುವುದು.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆಯ ಮದುವೆಯ ಮಾತುಕತೆಯಲ್ಲಿ ಮೊದಲ ಪ್ರಶ್ನೆ ಯಾವುದಿರುತ್ತದೆಂದು ಒಮ್ಮೆ ಗಮನಿಸಿರಿ. ಅದು ಒಳಪಂಗಡದ್ದಾಗಿದ್ದರೆ, ಈ ಸಲ ಮಕ್ಕಳ ಒಪ್ಪಿಗೆಯನ್ನು ಮೊದಲು ಕೇಳಿರಿ.



ಕಾರ್ಯದರ್ಶಿಗಳು, ಶ್ರೀಮಠ