ಏಣಿಯ ಕೆಳಗಿನ ತುಂಡು ಮನೆಗೆ ಬರಲಿ

ರಾಗಿ ಹಾಲುಗಟ್ಟೋ ಹೊತ್ತು ಬಂತು ಅಂದ್ರೆ ನಮ್ಮ ಕಡೆ ಗಂಡಸ್ರು ಮನೇಲಿ ಮಲಗಲ್ಲ. ಏಳು ಗಂಟೆಗೆ ಮುದ್ದೆ ಉಂಡು, ಕಂಬಳಿ, ಟಾರ್ಚು, ತಗಡಿನ ಡಬ್ಬ, ಒಂದು ಬಾಟ್ಲಿ ನೀರು ಎತ್ಕೊಂಡು ಹೊಲದ ದಾರಿ ಹಿಡಿದ್ರೆ, ಮತ್ತೆ ಮುಖ ಕಾಣೋದು ಕೋಳಿ ಕೂಗಿದ ಮೇಲೆ. ನಾವು ಹೆಂಗಸ್ರೂ ಮಲಗಲ್ಲ ಬುಡಿ. ಚಾಪೆ ಮೇಲೆ ಇರ್ತೀವಿ ಅಷ್ಟೆ. ಡಬ್ಬದ ಸದ್ದು ಕೇಳಿದ್ರೆ ಆನೆ ಬಂತು ಅಂತ ಎದೆ ಹೊಡ್ಕೊಳ್ತದೆ, ಸದ್ದೇ ಇಲ್ದಿದ್ರೆ ಇನ್ನೂ ಜಾಸ್ತಿ ಹೊಡ್ಕೊಳ್ತದೆ.

ಹುಣಸೂರು ಟೌನಿನಲ್ಲಿರೋ ನಮ್ಮ ಓರಗಿತ್ತಿ ಮಗಳು ಮೊನ್ನೆ ಕೇಳಿದ್ಲು, "ಅಟ್ಟಣೆ ಅಂದ್ರೆ ಸಾಮಾನು ಇಡೋ ಅಟ್ಟ ಅಲ್ವಾ ದೊಡ್ಡವ್ವ?" ಅಂತ. ಅವಳ ತಪ್ಪಲ್ಲ, ಅವಳು ಕಂಡಿಲ್ಲ. ಕಾಡಂಚಿನ ಊರಿಗೆ ಬಂದು ನೋಡಿದ್ರೆ ಗೊತ್ತಾಗ್ತದೆ. ದೊಡ್ಡ ಮರದ ಕವಲಿನಲ್ಲಿ ನಾಲ್ಕು ಗಳ ಅಡ್ಡ ಹಾಕಿ, ಬಿದಿರು ಹಾಸಿ, ಮೇಲೆ ಹುಲ್ಲೋ ಪ್ಲಾಸ್ಟಿಕ್ ತಾಟೋ ಹೊದಿಸಿರ್ತಾರೆ. ಹತ್ತೋಕೆ ಮರಕ್ಕೇ ಮೊಳೆ ಹೊಡೆದ ಪಟ್ಟಿಗಳು. ಆ ಅಟ್ಟಣೆ ಮೇಲೆ ಕೂತು ರಾತ್ರಿಯೆಲ್ಲ ಕಾಯೋದು. ರಾಗಿಗೆ, ಮುಸುಕಿನ ಜೋಳಕ್ಕೆ, ಬಾಳೆಗೆ ಆನೆ ಬರ್ತವೆ, ಹಂದಿ ಬರ್ತವೆ. ಹೊಗೆಸೊಪ್ಪು ತಿನ್ನಲ್ಲ, ಆದ್ರೆ ಅದರ ಮೇಲೇ ನಡ್ಕೊಂಡು ರಾಗಿಗೆ ಹೋಗ್ತವೆ.

ನಮ್ಮ ಅಟ್ಟಣೆ ನಮ್ಮ ಹೊಲದಲ್ಲಿ ಇರ್ಲಿಲ್ಲ. ಹೊಲಕ್ಕೂ ಕಾಡಿಗೂ ನಡುವೆ ಗೋಮಾಳ ಅದೆ, ಅದರಲ್ಲೊಂದು ಮತ್ತಿ ಮರ. ಅಲ್ಲಿಂದ ನೋಡಿದ್ರೆ ಆನೆ ಕಂದಕ ದಾಟೋದೇ ಕಾಣ್ತದೆ ಅಂತ ನಮ್ಮ ಯಜಮಾನ್ರು, ಪಕ್ಕದ ಹೊಲದೋರು ಸೇರಿ ಕಟ್ಟಿದ್ರು. ಗೋಮಾಳ ಅಂದ್ರೆ ಎಲ್ಲರದೂ, ಎಲ್ಲರದೂ ಅಂದ್ರೆ ಯಾರದೂ ಅಲ್ಲ. ಹಗಲು ದನ ಮೇಯ್ಸೋ ಹುಡುಗರು ಹತ್ತೋರು. ಕುಯ್ಲು ಮುಗಿದ ಮೇಲೆ ಯಾರೋ ಹತ್ತೋರು, ಬೀಡಿ ತುಂಡು, ಬಾಟ್ಲಿ ಬಿದ್ದಿರೋದು. ನಾವೂ ಕೇಳ್ಲಿಲ್ಲ. ಒಂದು ದಿನ ಅಟ್ಟಣೆ ಕೆಳಗೆ ತಂತಿಯ ಉರುಳು ಸಿಕ್ತು. ಹಂದಿಗೋ ಜಿಂಕೆಗೋ ಹಾಕಿದ್ದು. ಅಂದ್ರೆ ನಮ್ಮ ರಾಗಿ ಕಾಯೋ ಅಟ್ಟಣೆ ಮೇಲೆ ಯಾರೋ ಬೇಟೆಗೆ ಕೂತಿದ್ರು. ಫಾರೆಸ್ಟ್‌ನೋರು ಕಂಡಿದ್ರೆ ಮೊದಲು ಕೇಳ್ತಿದ್ದದ್ದು ನಮ್ಮನ್ನೇ. ಯಜಮಾನ್ರು ಉರುಳನ್ನ ಕಿತ್ತು ಹಾಕಿ, "ಸುಮ್ನಿರು, ಯಾರಿಗೂ ಹೇಳ್ಬೇಡ" ಅಂದ್ರು. ನಾನು ಸುಮ್ನಿದ್ದೆ. ಆ ಸುಮ್ಮನಿದ್ದದ್ದಕ್ಕೇ ಈಗ ಇಷ್ಟುದ್ದ ಬರೀತಿರೋದು.

ಹೋದ ಕಾರ್ತೀಕದಲ್ಲಿ ಒಂದು ರಾತ್ರಿ ಯಜಮಾನ್ರು ಒಬ್ರೇ ಹತ್ತಿದ್ರು. ಒಂದು ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಕಂಬಳಿ, ಡಬ್ಬ ಕಂಕುಳಲ್ಲಿ. ಮೇಲಿನಿಂದ ಎರಡನೇ ಪಟ್ಟಿ ಮೊಳೆ ಸಮೇತ ಕಿತ್ತು ಬಂತು. ನಮ್ಮ ಹಿಂದಿನ ವಾರ ಯಾರು ಹತ್ತಿ ಅದನ್ನ ಸಡ್ಲ ಮಾಡಿದ್ರೋ ದೇವ್ರಿಗೇ ಗೊತ್ತು. ಬಿದ್ದದ್ದು 12 ಅಡಿಯಿಂದ. ಕೆಳಗೆ ಲಂಟಾನ ಪೊದೆ ಇದ್ದದ್ದಕ್ಕೆ ತಲೆ ಉಳೀತು. ಕಾಲಿನ ಮೂಳೆ ಎರಡು ಕಡೆ, ಸೊಂಟದಲ್ಲಿ ಒಂದು ಕಡೆ ಬಿರುಕು. ರಾತ್ರಿ ಎಂಟೂವರೆಗೆ ಬಿದ್ದೋರನ್ನ ಪಕ್ಕದ ಹೊಲದ ಹುಡುಗ ನೋಡಿದ್ದು ಹತ್ತಕ್ಕೆ. ಆ ಒಂದೂವರೆ ಗಂಟೆ ಕಾಡಿನಂಚಲ್ಲಿ ಅಲ್ಲಾಡೋಕಾಗದೆ ಬಿದ್ದಿದ್ರು ಅನ್ನೋದನ್ನ ಅವರು ನನಗೆ ಹೇಳಿದ್ದು ಮೂರು ತಿಂಗಳು ಕಳೆದ ಮೇಲೆ. ಕೂಗಲಿಲ್ವಾ ಅಂದೆ. "ಕೂಗಿದ್ರೆ ಮನುಷ್ಯರೇ ಬರ್ತಾರೆ ಅಂತ ಏನು ಗ್ಯಾರಂಟಿ?" ಅಂದ್ರು.

ಆನೆ ತುಳಿದ್ರೆ ಸರ್ಕಾರದ ಪರಿಹಾರ ಅದೆ, ಬೆಳೆ ತಿಂದ್ರೂ ಅರ್ಜಿ ಹಾಕ್ಬೋದು. ಆನೆ ಕಾಯೋಕೆ ಹೋಗಿ ಮರದಿಂದ ಬಿದ್ರೆ ಯಾವ ಅರ್ಜಿ ಬರೀಬೇಕು? ನನ್ನ ಎರಡೆಳೆ ಸರ ಬ್ಯಾಂಕಿಗೆ ಹೋಯ್ತು, ಒಂದು ಎಮ್ಮೆ ಸಂತೆಗೆ ಹೋಯ್ತು. ರಾಗಿ ಆ ವರ್ಷ ಆನೆ ಪಾಲು.

ಈ ಅಟ್ಟಣೆ ನಮ್ಮ ಸೀಮೆಗೆ ಹೊಸದಲ್ಲ ಕಣ್ರವ್ವ. ಕಾಕನಕೋಟೆ ಅಂದ್ರೇನೇ ಖೆಡ್ಡಾ. 1971ರಲ್ಲಿ ಕೊನೇ ಖೆಡ್ಡಾ ಆದಾಗ ನಮ್ಮ ಮಾವನೋರು ಪ್ರಾಯದೋರು, ದೊಡ್ಡ ಮನುಷ್ಯರು ಕೂತು ನೋಡೋ ಅಟ್ಟಣೆಗೆ ಬಿದಿರು ಹೊತ್ತಿದ್ದೆ ಅಂತ ಸಾಯೋವರೆಗೂ ಹೇಳೋರು. ಬೇಟೆಗಾರರಂತೂ ಮರದ ಮೇಲೇ ರಾತ್ರಿ ಕಳೀತಿದ್ರು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಾಡಿನ ಕತೆಗಳನ್ನ ನಾನು ಪಿಯುಸಿ ಆದ ಮೇಲೆ ಲೈಬ್ರರಿಯಿಂದ ತಂದು ಓದಿದ್ದೆ. ಅದರಲ್ಲಿ ಮಚಾನಿನ ಮಾತು ಬಾರದ ಕತೆ ಕಮ್ಮಿ. ಆ ಕಾಲದ ಶಿಕಾರಿಯೋರು ಹಗ್ಗದ ಮಂಚವನ್ನೇ ಎತ್ತಿ ಮರಕ್ಕೆ ಕಟ್ಟಿಸ್ಕೊಂಡು ಕೂರೋರು, ಕೆಲಸ ಮುಗಿದ ಮೇಲೆ ಬಿಚ್ಚಿ ಕೊಂಡೊಯ್ಯೋರು. ಅವಾಗ ಓದಿದ್ರೆ ಹುಲಿ ಮೇಲೆ ಗಮನ ಇತ್ತು. ಈಗ ನೆನೆಸ್ಕೊಂಡ್ರೆ ಆ ಮಂಚದ ಮೇಲೆ ಗಮನ ಹೋಗ್ತದೆ. ಬಿಚ್ಚಿ ಕೊಂಡೊಯ್ಯೋರು ನೋಡಿ! 1972ರ ವನ್ಯಜೀವಿ ಕಾಯ್ದೆ ಬಂತು, ಬೇಟೆ ನಿಲ್ತು. ನಿಲ್ಲಬೇಕಾದ್ದೇ. 1974ರಲ್ಲಿ ಕಬಿನಿ ಕಟ್ಟೆ ಆಗಿ ಹಳೇ ಕಾಕನಕೋಟೆ ನೀರಿಗೆ ಹೋಯ್ತು, ಕಾಡಿನೋರು ಒಂದು ಕಡೆ, ಊರಿನೋರು ಒಂದು ಕಡೆ ಚೆದುರಿದ್ರು. ಶಿಕಾರಿಯ ಮಚಾನು ಹೋಗಿ ಬೆಳೆ ಕಾಯೋ ಅಟ್ಟಣೆ ಉಳೀತು. ಸಾಹೇಬರಿಗೆ ಕಟ್ಟೋಕೆ ನಾಲ್ಕಾಳು ಇದ್ರು. ನಮ್ಮೋರು ಹೊಟ್ಟೆಪಾಡಿಗೆ ತಾವೇ ಕಟ್ಕೊಂಡು ತಾವೇ ಬೀಳ್ತಾರೆ.

ಇನ್ನು ಅಮೆರಿಕದ ಮಾತು. ನನ್ನ ತಂಗಿ ಮಗಳು ಮಿಷಿಗನ್ ಅನ್ನೋ ಕಡೆ ಅವಳೆ. ಬಾವ ಬಿದ್ದದ್ದು ಕೇಳಿ ಅವಳ ಗಂಡ ಫೋನಿನಲ್ಲಿ ಹೇಳಿದ್ದು ಇದು. ಅಲ್ಲಿ ಪ್ರತೀ ವರ್ಷ ನವೆಂಬರ್ 15ರಿಂದ 30ರವರೆಗೆ ಬಂದೂಕಿನಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಬಿಡ್ತದಂತೆ, ಲೈಸೆನ್ಸ್ ತಗೊಂಡ್ರೆ ಆಯ್ತು. ಜಿಂಕೆ ಅಲ್ಲಿ ಅಷ್ಟು ಜಾಸ್ತಿ. ಅವರೂ ಮರದ ಮೇಲೆ ಕೂತೇ ಹೊಡಿಯೋದು. ಆದ್ರೆ ಸರ್ಕಾರಿ ಜಾಗದ ಮರಕ್ಕೆ ಮೊಳೆ, ಸ್ಕ್ರೂ ಹೊಡೀಬಾರದು ಅಂತ ಕಾನೂನು. ಎತ್ಕೊಂಡು ಹೋಗೋ ಕಬ್ಬಿಣದ ಅಟ್ಟಣೆ ತಂದು ಬೆಲ್ಟಿನಲ್ಲಿ ಬಿಗೀಬೇಕು, ಅದರ ಮೇಲೆ ಕಟ್ಟಿದೋರ ಹೆಸರು ವಿಳಾಸ ಇರ್ಬೇಕು, ಸೀಸನ್ ಮುಗಿದ ಮೇಲೆ ಬಿಚ್ಚಬೇಕು. ಬಂದೂಕು ಹಿಡ್ಕೊಂಡು ಹತ್ತಬಾರದು, ಮೇಲೆ ಹೋಗಿ ಕೂತ ಮೇಲೆ ಹಗ್ಗದಲ್ಲಿ ಎಳ್ಕೋಬೇಕು. ನೆಲ ಬಿಟ್ಟ ಹೆಜ್ಜೆಯಿಂದ ಮತ್ತೆ ನೆಲ ಮುಟ್ಟೋವರೆಗೂ ಮೈಗೆ ಬೆಲ್ಟು ಇರ್ಬೇಕು. ಸೊಂಟಕ್ಕೆ ಮಾತ್ರ ಕಟ್ಟಿದ್ರೆ ಬಿದ್ದಾಗ ಹೊಟ್ಟೆ ಪಕ್ಕೆ ಹಿಂಡಿ ಉಸಿರೇ ನಿಲ್ತದಂತೆ, ಅದಕ್ಕೆ ತೊಡೆಗೂ ಹೆಗಲಿಗೂ ಸೇರಿ ಹಾಕೋ ಬೆಲ್ಟು. ಬೇಟೆಗೆ ಹೋದೋರನ್ನ ಜಿಂಕೆ ಕೊಲ್ಲಲ್ಲ ಚಿಕ್ಕವ್ವ, ಏಣಿ ಕೊಲ್ತದೆ ಅಂದ ಅವನು.

ಶೋಕಿಗೆ ಮರ ಹತ್ತೋರಿಗೆ ಇಷ್ಟು ಕಟ್ಟುಪಾಡು. ಅನ್ನಕ್ಕೆ ಹತ್ತೋರಿಗೆ ಒಂದು ಹಗ್ಗವೂ ಇಲ್ಲ. ಇದೇ ನನ್ನ ಹೊಟ್ಟೆಯೊಳಗಿನ ಸಂಕಟ.

ಯಜಮಾನ್ರ ಕಾಲು ನೆಟ್ಟಗಾದ ಮೇಲೆ ನಾನು ಸಂಘದಲ್ಲಿ ಸಾಲ ತೆಗೆದೆ. ವೆಲ್ಡಿಂಗ್ ಅಂಗಡಿಯೋನಿಗೆ ನೋಟ್‌ಬುಕ್ ಹಾಳೆ ಮೇಲೆ ಬರೆದು ಕೊಟ್ಟೆ. ಅವನು ಮೊದಲು ನಕ್ಕ, ಆಮೇಲೆ ಅವನೇ ಎರಡು ಒಳ್ಳೆ ಮಾತು ಹೇಳಿದ. ಪೈಪಿನ ಏಣಿ ಮೂರು ತುಂಡು, ಒಂದರೊಳಗೊಂದು ಕೂರ್ತದೆ, ನಡುವೆ ಬೋಲ್ಟು. ಮೇಲೆ ಕೂರೋಕೆ ಜಾಲರಿ ಹಾಕಿದ ಮಣೆ, ಮೂರು ಕಡೆ ಕಂಬಿ. ಮಣೆಯನ್ನ ಮರಕ್ಕೆ ಸರಪಣಿಯಲ್ಲಿ ಬೇರೆಯಾಗಿ ಬಿಗಿಯೋದು, ಏಣಿಯನ್ನ ಲಾರಿಯೋರು ಲೋಡು ಬಿಗಿಯೋ ಬೆಲ್ಟಿನಲ್ಲಿ ಬೇರೆಯಾಗಿ. ಯಾಕೆ ಅಂದ್ರೆ ಆನೆ ಬಂದು ಏಣಿ ಎಳೆದು ಬಿಸಾಡಿದ್ರೂ ಮಣೆ ಮರದಲ್ಲೇ ನಿಲ್ಬೇಕು. ಎಲ್ಲಾ ಸೇರಿ ನಮಗೆ 11,000 ರೂಪಾಯಿ ಬಿತ್ತು. ಬೆಲ್ಟು ಬೇರೆ, ಕಟ್ಟಡ ಕೆಲಸದೋರು ಹಾಕ್ಕೊಳ್ಳೋ ಅಂಥದ್ದು, ಮೈಸೂರಿನಿಂದ ತರಿಸಿದ್ದು.

ಒಟ್ಟು ಎತ್ತರ 18 ಅಡಿ. ಇದರಲ್ಲಿ ಜಗಳ ಆಯ್ತು. ಕೆಳಗಿದ್ರೆ ಬಿದ್ದರೂ ಪೆಟ್ಟು ಕಮ್ಮಿ ಅಂತ ನಾನು. ಕೆಳಗಿದ್ರೆ ಆನೆ ಸೊಂಡಿಲಿಗೆ ಸಿಗ್ತೀನಿ ಅಂತ ಅವರು. ಸಲಗ ಸೊಂಡಿಲು ಎತ್ತಿದ್ರೆ 15 ಅಡಿಗೂ ಮೇಲೆ ಎಟುಕ್ತದೆ, ಅವರು ಹೇಳಿದ್ದೇ ಸರಿ. ಎತ್ತರಕ್ಕೆ ಹೋಗಲೇಬೇಕು ಅಂದ್ಮೇಲೆ ಬೆಲ್ಟು ಹಾಕಲೇಬೇಕು ಅಂದೆ.

ಅದಕ್ಕೆ ಅವರ ಉತ್ತರ ನಿಮ್ಮನೇಲೂ ಕೇಳ್ತೀರಿ, ಈಗ್ಲೇ ಹೇಳಿರ್ತೀನಿ. "ನಮ್ಮಪ್ಪ ಕಟ್ಕೊಂಡಿದ್ನಾ?" ಅಂತ. ನಿಮ್ಮಪ್ಪನ ಕಾಲಕ್ಕೆ ಇಷ್ಟು ಆನೆ ಹೊಲಕ್ಕೆ ಬರ್ತಿತ್ತಾ ಅಂದೆ. ಎರಡನೇದು ಒಸಿ ಗಟ್ಟಿ ಮಾತು. "ಆನೆ ಮರವನ್ನೇ ದೂಡಿದ್ರೆ ಕಟ್ಕೊಂಡೋನು ಮರದ ಜೊತೆಗೇ ಹೋಗ್ತಾನೆ, ಕಟ್ಟದೋನು ನೆಗೆದು ಓಡ್ತಾನೆ." ಇದನ್ನ ನಾನು ಸುಳ್ಳು ಅನ್ನಲ್ಲ. ಅದಕ್ಕೇ ಮರ ಆರಿಸ್ಬೇಕು, ಒಬ್ರು ತೋಳಲ್ಲಿ ತಬ್ಬಿದ್ರೆ ಕೈ ಕೂಡಬಾರದು, ಅಷ್ಟು ದಪ್ಪ. ಒಣಗಿದ ಮರ, ಗೆದ್ದಲು ಹಿಡಿದ ಮರ ಬೇಡವೇ ಬೇಡ. ಅಂಥ ಮರ ಹೊಲದಲ್ಲಿ ಇಲ್ಲ ಅಂದ್ರೆ ಆ ಹೊಲದಲ್ಲಿ ಅಟ್ಟಣೆ ಬೇಡ, ಪಕ್ಕದೋರ ಜೊತೆ ಸೇರ್ಕೊಳ್ಳಿ. ಮತ್ತೆ 18 ಅಡಿಯಿಂದ ಕತ್ತಲಲ್ಲಿ ನೆಗೆದು ಆನೆ ಮುಂದೆ ಓಡಿದೋನನ್ನ ನಾನಂತೂ ಕಂಡಿಲ್ಲ. ನಿದ್ದೆ ತೂಗಿ ಬಿದ್ದೋರನ್ನ ಮಾತ್ರ ನಮ್ಮೂರಲ್ಲೇ ಕಂಡಿದ್ದೀನಿ. ಕುಡಿದು ಹತ್ತಿ ಬಿದ್ದೋರನ್ನೂ ಕಂಡಿದ್ದೀನಿ. ಅದನ್ನ ಬರೆದ್ರೆ ಯಾರಿಗೆ ಅಂತ ಎಲ್ಲರಿಗೂ ಗೊತ್ತಾಗ್ತದೆ, ಬುಡಿ.

ಗುಡುಗು ಮಿಂಚು ಇದ್ದ ರಾತ್ರಿ ಕಬ್ಬಿಣ ಅಲ್ಲ, ಬಿದಿರಿನದ್ದೂ ಹತ್ತಬಾರದು. ಆ ರಾತ್ರಿ ರಾಗಿ ಹೋದ್ರೆ ಹೋಗ್ಲಿ.

ಈಗ ಗೋಮಾಳದ ಮಾತಿಗೆ ಬರ್ತೀನಿ. ನಮ್ಮ ಊರಲ್ಲಿ ಇದನ್ನ ಹೇಳಿ ಎರಡು ಮನೆಯೋರ ಹತ್ರ ಮಾತು ಬಿಟ್ಟಿದ್ದೀನಿ, ಆದ್ರೂ ಹೇಳ್ತೀನಿ. ಗೋಮಾಳದ ಮರಕ್ಕೆ, ಕಾಡಂಚಿನ ಮರಕ್ಕೆ ಅಟ್ಟಣೆ ಕಟ್ಟಿ ಬಿಟ್ಟು ಬರಬಾರದು. ನಾವು ಬಿಟ್ಟು ಬಂದ ಅಟ್ಟಣೆ ಕಳ್ಳಬೇಟೆಯೋನಿಗೆ ಸಿದ್ಧ ಕುರ್ಚಿ. ಅವನು ಹತ್ತಿ ಇಳಿದು ಸಡ್ಲ ಮಾಡಿದ್ದು ನಮ್ಮ ಗಂಡಂದಿರ ಕಾಲ ಕೆಳಗೆ ಬರ್ತದೆ, ಅವನು ಹಾಕಿದ ಉರುಳು ನಮ್ಮ ಹೆಸರಿಗೆ ಬರ್ತದೆ. "ಹಂದಿ ಹೊಡೆದ್ರೆ ನಮಗೇ ಒಳ್ಳೇದಲ್ವಾ" ಅಂತ ಒಬ್ಬಾಕೆ ಅಂದ್ಲು. ಉರುಳಿಗೆ ಹಂದಿ ಅಂತ ಗೊತ್ತಾಗ್ತದಾ? ಚಿರತೆ ಸಿಕ್ಕೊಳ್ತದೆ, ಮೇಯೋಕೆ ಹೋದ ಕರು ಸಿಕ್ಕೊಳ್ತದೆ. ನಮ್ಮ ಓಣಿಯಲ್ಲೇ ಒಂದು ನಾಯಿ ಸಿಕ್ಕೊಂಡು ಮೂರು ದಿನ ನರಳಿ ಸತ್ತದ್ದನ್ನ ಮಕ್ಕಳು ನೋಡಿದ್ರು.

ಹೊಲದೊಳಗೆ ಕಟ್ಟಿದ್ರೆ ಕಂದಕ ಕಾಣಲ್ಲ, ಆನೆ ಹತ್ರ ಬಂದ ಮೇಲೇ ಗೊತ್ತಾಗೋದು, ಅದು ನಿಜ. ಕಾಲು ಎಕರೆ ರಾಗಿ ಜಾಸ್ತಿ ಹೋಗ್ಬೋದು. ರೈಲ್ವೆ ಕಂಬಿ ಬೇಲಿ ಹುಣಸೂರು ಕಡೆ ಹಾಕಿದ್ರಲ್ಲ, ಅದು ನಮ್ಮ ಕಡೆಗೂ ಪೂರ್ತಿ ಬಂದ ದಿನ ಅಟ್ಟಣೆಯೇ ಬೇಡ ಅಂದುಕೊಳ್ಳೋಣ. ಅಲ್ಲಿವರೆಗೆ ಕಾಲು ಎಕರೆಗೆ ನಾನು ಒಪ್ತೀನಿ.

ನಮ್ಮದು ಈಗ ಹೊಲದ ಹುಣಸೆ ಮರದಲ್ಲಿ ಅದೆ. ಪಟ್ಟಿಗೆ ಹಳದಿ ಬಣ್ಣದಲ್ಲಿ ಯಜಮಾನ್ರ ಹೆಸರು ಬರೆಸಿದ್ದೀನಿ, ಪಕ್ಕದ ಹುಡುಗರು "ಬಸ್ಸಿನ ಬೋರ್ಡು" ಅಂತ ಆಡ್ಕೊಳ್ತಾರೆ. ಕಂಬಳಿ, ಡಬ್ಬ, ಟಾರ್ಚು ಎಲ್ಲಾ ಬುಟ್ಟಿಗೆ ಹಾಕಿ ಹಗ್ಗದಲ್ಲಿ ಎಳ್ಕೊಳ್ತಾರೆ, ಎರಡು ಕೈಯೂ ಏಣಿಗೆ. ಕುತ್ತಿಗೆಗೆ ಒಂದು ಪೀಪಿ ಕಟ್ಟಿದ್ದೀನಿ, ಶಾಲೆ ಪೀಟಿ ಮೇಷ್ಟ್ರು ಊದ್ತಾರಲ್ಲ ಅಂಥದ್ದು. ಬೆಳಿಗ್ಗೆ ಇಳಿದ ಮೇಲೆ ಏಣಿಯ ಕೆಳಗಿನ ತುಂಡನ್ನ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರ್ತಾರೆ. ಆ ಆರಡಿ ತುಂಡಿಲ್ಲದೆ ಬೇರೆ ಯಾರೂ ಹತ್ತೋಕಾಗಲ್ಲ. ಮೊದಲ ವಾರ ಗೊಣಗಿದ್ರು. ಈಗ ಅದನ್ನ ಜಗಲಿಗೆ ಒರಗಿಸೋ ಸದ್ದಿಗೇ ನನಗೆ ಎಚ್ಚರ ಆಗೋದು.

ಕುಯ್ಲಾದ ಮೇಲೆ ಪೂರ್ತಿ ಬಿಚ್ಚಿ ಕೊಟ್ಟಿಗೆ ಅಟ್ಟಕ್ಕೆ ಹಾಕ್ತೀವಿ. ಮುಂಗಾರಿನ ಜೋಳಕ್ಕೆ ಕೆಳಗಿನ ಹೊಲಕ್ಕೆ ಹೋಗ್ತದೆ. ಬಿದಿರಿನದ್ದಾದ್ರೆ ಪ್ರತೀ ಸಲ ಹೊಸದಾಗಿ ಕಟ್ಬೇಕಿತ್ತು.

ಅಂತರಸಂತೆ ಕಡೆಯಿಂದ ನಮ್ಮ ಅತ್ತಿಗೆ ಅಳತೆ ಕೇಳವ್ರೆ, ಇನ್ನೂ ಇಬ್ರು ಕೇಳವ್ರೆ. ನೋಟ್‌ಬುಕ್ ಹಾಳೆ ಇಟ್ಟಿದ್ದೀನಿ, ಬಂದು ಬರ್ಕೊಳ್ಳಿ. ಮೂರು ನಾಲ್ಕು ಮನೆಯೋರು ಒಟ್ಟಿಗೆ ಮಾಡಿಸಿದ್ರೆ ವೆಲ್ಡಿಂಗಿನೋನು ಒಸಿ ಕಮ್ಮಿ ಮಾಡ್ತೀನಿ ಅಂದವ್ನೆ. ಏಣಿಯ ತುಂಡು ನೋಡೋಕೆ ಬರೋರು ಹಗಲೊತ್ತೇ ಬನ್ನಿ, ಸಂಜೆ ಆರರ ಮೇಲೆ ಅದು ಹೊಲಕ್ಕೆ ಹೊಂಟಿರ್ತದೆ.