ಫೋರ್ ವೀಲ್ ಟ್ರ್ಯಾಕ್ಟರ್: ಯಾರ ಗದ್ದೆಗೆ ಲಾಭ?

ಭದ್ರಾ ನಾಲೆಗೆ ನೀರು ಬಿಟ್ಟರೆ ಸಾಕು, ಹರಿಹರ ತಾಲ್ಲೂಕಿನ ಭತ್ತದ ಗದ್ದೆಗಳಿಗೆಲ್ಲ ಒಂದೇ ಸಲಕ್ಕೆ ಟ್ರ್ಯಾಕ್ಟರ್ ಬೇಕು. ಮಲೇಬೆನ್ನೂರು ಶಾಖಾ ನಾಲೆಯ ಕೊನೆ ಭಾಗಕ್ಕೆ ನೀರು ತಲುಪುವುದೇ ತಡ. ನಾಟಿಗೆ ಉಳಿಯುವ ದಿನಗಳು ಅಷ್ಟಕ್ಕಷ್ಟೆ. ಉಕ್ಕಡಗಾತ್ರಿಯಂಥ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹೊಳೆಯ ನೀರೇನೋ ಹತ್ತಿರವಿದೆ, ಆದರೆ ಮಳೆಗಾಲದಲ್ಲಿ ತಗ್ಗಿನ ಜಮೀನು ಬೇಗ ಆರುವುದಿಲ್ಲ. ಇಂಥ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತು ನಿಂತರೆ ಅವತ್ತಿನ ಬಾಡಿಗೆ ಹೋಯಿತು, ಎಳೆದು ತೆಗೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕಾಯಿತು. ನಾಲ್ಕೂ ಗಾಲಿ ಎಳೆಯುವ ಫೋರ್ ವೀಲ್ ಟ್ರ್ಯಾಕ್ಟರಿನ ಮೇಲೆ ರೈತರಿಗೆ ಆಸೆ ಹುಟ್ಟಿದ್ದು ಈ ಸಂಕಟದಿಂದ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೆ ಆ ಆಸೆಗೆ ಇನ್ನಷ್ಟು ಬಲ ಬಂದಿದೆ. ಹೆಚ್ಚು ಕೊಟ್ಟ ಹಣಕ್ಕೆ ಕೆಸರಿನಲ್ಲಿ ಸಿಗುವುದೇನು ಎಂಬುದನ್ನು ಮಾತ್ರ ಷೋರೂಮಿನಲ್ಲಿ ಯಾರೂ ಲೆಕ್ಕ ಹಾಕಿ ತೋರಿಸುವುದಿಲ್ಲ.

ಅದನ್ನು ತಿಳಿಯಲು ಮೊದಲು ಕಾರುಗಳತ್ತ ನೋಡೋಣ. ನಾಲ್ಕೂ ಗಾಲಿಗೆ ಬಲ ಕೊಡುವ ಈ ತಂತ್ರ ದುಬಾರಿ ಸ್ಪೋರ್ಟ್ಸ್ ಸೆಡಾನ್‌ಗಳಲ್ಲೂ ಇದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಏರಲು ಬಿಎಂಡಬ್ಲ್ಯು ಎಂ340ಐ 4.4 ಸೆಕೆಂಡ್, ಮರ್ಸಿಡಿಸ್‌–ಎಎಂಜಿ ಸಿ43 4.6 ಸೆಕೆಂಡ್, ಆಡಿ ಎಸ್5 4.8 ಸೆಕೆಂಡ್ ತೆಗೆದುಕೊಳ್ಳುತ್ತವೆ ಎಂದು ಕಂಪನಿಗಳು ಹೇಳುತ್ತವೆ. ಈ ಮೂರರ ನಿಜವಾದ ವ್ಯತ್ಯಾಸ ಸೆಕೆಂಡುಗಳಲ್ಲಿಲ್ಲ, ಬಲ ಹಂಚುವ ಬಗೆಯಲ್ಲಿದೆ. ಆಡಿ ಸಾಮಾನ್ಯವಾಗಿ ಶೇ 40ರಷ್ಟನ್ನು ಮುಂದಕ್ಕೆ, ಶೇ 60ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಎಎಂಜಿ ಶೇ 31 ಮತ್ತು ಶೇ 69ರ ಲೆಕ್ಕ ಇಟ್ಟುಕೊಂಡಿದೆ. ಬಿಎಂಡಬ್ಲ್ಯುವಿನಲ್ಲಿ ಹಿಂದಿನ ಗಾಲಿಗಳೇ ಮುಖ್ಯ. ಮುಂದಿನವಕ್ಕೆ ಎಷ್ಟು ಬೇಕೆಂಬುದನ್ನು ಕ್ಲಚ್ ಮೂಲಕ ಎಲೆಕ್ಟ್ರಾನಿಕ್ ವ್ಯವಸ್ಥೆ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ತಿರುವಿನಲ್ಲಿ ಯಾವ ಕಾರು ಹೇಗೆ ನಡೆದುಕೊಳ್ಳುತ್ತದೆ ಎಂಬುದು ನಿಂತಿರುವುದು ಇದರ ಮೇಲೆ.

ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಕಾರುಗಳ ಈ ನಾಜೂಕು ಇಲ್ಲ. ಲಿವರ್ ಹಾಕಿದರೆ ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳು ಗೇರಿನ ಮೂಲಕ ಬಿಗಿಯಾಗಿ ಕೂಡಿಕೊಳ್ಳುತ್ತವೆ. ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ಜೋರಾಗಿ ನೆಲವನ್ನು ಎಳೆಯುವಂತೆ ಗೇರು ಕೂರಿಸಿರುತ್ತಾರೆ. ಕೆಸರಿನಲ್ಲಿ ಗಾಲಿ ಜಾರುವುದರಿಂದ ಈ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲ; ಟೈರು ಸವೆಯುತ್ತದೆ, ಗೇರಿನ ಮೇಲೆ ಒತ್ತಡ ಬೀಳುತ್ತದೆ. ಗದ್ದೆಯಿಂದ ರಸ್ತೆಗೆ ಬಂದ ಮೇಲೂ ಲಿವರ್ ತೆಗೆಯದೆ ಓಡಿಸುವ ಚಾಲಕ ಮಾಲೀಕನ ದುಡ್ಡನ್ನೇ ರಸ್ತೆಗೆ ಸವರುತ್ತಾನೆ.

ಕೆಲಸದ ವಿಚಾರಕ್ಕೆ ಬರೋಣ. ಹಿಂದಿನ ಗಾಲಿಗಳಷ್ಟೇ ಎಳೆಯುವ ಟೂ ವೀಲ್ ಟ್ರ್ಯಾಕ್ಟರಿನ ತೂಕದಲ್ಲಿ ಸುಮಾರು ಮೂರನೇ ಒಂದರಷ್ಟನ್ನು ಮುಂದಿನ ಗಾಲಿಗಳು ಹೊತ್ತಿರುತ್ತವೆ. ಅವು ಎಳೆಯುವುದಿಲ್ಲ, ಬದಲಿಗೆ ಕೆಸರನ್ನು ಮುಂದಕ್ಕೆ ತಳ್ಳುತ್ತ ಎಂಜಿನ್‌ಗೆ ಹೊರೆಯಾಗುತ್ತವೆ. ಫೋರ್ ವೀಲ್‌ನಲ್ಲಿ ಅದೇ ತೂಕ ಎಳೆತಕ್ಕೆ ಬಳಕೆಯಾಗುತ್ತದೆ. ಹಾಗಾಗಿ 45 ಎಚ್‌.ಪಿ.ಯ ಫೋರ್ ವೀಲ್, ಹಸಿ ನೆಲದಲ್ಲಿ ತನಗಿಂತ ದೊಡ್ಡ ಎಂಜಿನ್‌ನ ಟೂ ವೀಲ್ ಟ್ರ್ಯಾಕ್ಟರಿಗೆ ಸರಿಸಾಟಿಯಾಗಬಲ್ಲದು. ಇದನ್ನು ರೈತರೇ ಅಳೆಯಬಹುದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಭಾರವಿಲ್ಲದೆ ಗಾಲಿ ಹತ್ತು ಸುತ್ತು ಹಾಕಿದಾಗ ಎಷ್ಟು ದೂರ ಹೋಗುತ್ತದೆ ನೋಡಿ. ಆಮೇಲೆ ನೇಗಿಲು ಕಟ್ಟಿ ಅದೇ ಹತ್ತು ಸುತ್ತು ನೋಡಿ. ಮೊದಲು 40 ಮೀಟರ್ ಹೋಗಿದ್ದು ಈಗ 34 ಮೀಟರ್‌ಗೆ ನಿಂತರೆ ಜಾರಾಟ ಶೇ 15. ಗಟ್ಟಿ ಹೊಲದ ಉಳುಮೆಯಲ್ಲಿ ಇದಕ್ಕಿಂತ ಹೆಚ್ಚಾದರೆ ಡೀಸೆಲ್ ಉರಿದಷ್ಟು ಕೆಲಸ ಸಾಗುವುದಿಲ್ಲ.

ತಿರುಗಿಸುವುದರಲ್ಲಿ ಟೂ ವೀಲ್‌ಗೇ ಮೇಲುಗೈ. ಫೋರ್ ವೀಲ್‌ನ ಮುಂದಿನ ಗಾಲಿಗಳು ಅಷ್ಟು ಕಡಿದಾಗಿ ಹೊರಳುವುದಿಲ್ಲ. ಬದುಗಳ ನಡುವಿನ ಅರ್ಧ ಎಕರೆ ಗದ್ದೆಯಲ್ಲಿ ಪ್ರತಿ ತಿರುವಿಗೂ ಹಿಂದೆಮುಂದೆ ಮಾಡಬೇಕಾಗಬಹುದು. ಕುಬೋಟಾ ಎಂಯು4501ರ ಫೋರ್ ವೀಲ್ ಮಾದರಿಯ ಮುಂದಿನ ಆಕ್ಸಲ್‌ನಲ್ಲಿ ಬೆವೆಲ್ ಗೇರ್ ಇದ್ದು, ಗಾಲಿ ಹೆಚ್ಚು ಹೊರಳಲು ಅನುಕೂಲವಾಗಿದೆ. ಆದ್ದರಿಂದ ಕೊಳ್ಳುವ ಮುನ್ನ ಎಚ್‌.ಪಿ. ಹೋಲಿಸಿದರೆ ಸಾಲದು, ಮುಂದಿನ ಆಕ್ಸಲ್‌ನ ರಚನೆ, ಸೀಲ್‌ಗಳ ಗುಣಮಟ್ಟ, ತಿರುಗಲು ಬೇಕಾದ ಜಾಗವನ್ನೂ ಹೋಲಿಸಬೇಕು. ಸೀಲ್ ಕಿತ್ತುಹೋಗಿ ಕೆಸರು ಒಳಹೊಕ್ಕರೆ ರಿಪೇರಿ ಖರ್ಚು ಇಡೀ ಹಂಗಾಮಿನ ಲಾಭವನ್ನು ನುಂಗಬಲ್ಲದು.

ಮಾತಿಗಿಂತ ನಂಬಬಹುದಾದ ದಾಖಲೆಯೂ ಇದೆ. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಎಳೆತದ ಬಲ, ಇಂಧನ ಖರ್ಚು, ತಿರುಗುವ ತ್ರಿಜ್ಯ ಎಲ್ಲವೂ ಅದರಲ್ಲಿರುತ್ತವೆ. ಡೀಲರ್ ಬಳಿ ಕೇಳಿ ಓದಿಸಿಕೊಳ್ಳುವುದು ರೈತರ ಹಕ್ಕು.

ಫೋರ್ ವೀಲ್ ಬಂದರೆ ಕಬ್ಬಿಣದ ಕೇಜ್ ವೀಲ್ ಪೂರ್ತಿ ತಪ್ಪುತ್ತದೆ ಎನ್ನುವಂತಿಲ್ಲ. ಆಳ ಕೆಸರಿಗೆ ಅದು ಬೇಕಾಗಬಹುದು. ಆದರೆ ಸಾಧಾರಣ ಗದ್ದೆಯನ್ನು ಎತ್ತರದ ಹಲ್ಲಿನ ಟೈರು, ರೋಟಾವೇಟರ್‌ಗಳಿಂದಲೇ ನಿಭಾಯಿಸಬಹುದು. ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ರಸ್ತೆಗಿಳಿದಷ್ಟೂ ಸಾರ್ವಜನಿಕರ ಡಾಂಬರು ಕಿತ್ತು ಬರುತ್ತದೆ. ಅಷ್ಟರ ಮಟ್ಟಿಗೆ ಫೋರ್ ವೀಲ್ ಊರಿಗೂ ಲಾಭ.

ವರ್ಷಕ್ಕೆ ಎರಡು ಬೆಳೆ ಭತ್ತ ಮಾಡಿ, ಅಕ್ಕಪಕ್ಕದ ಗದ್ದೆಗಳಿಗೂ ಬಾಡಿಗೆಗೆ ಹೋಗುವವರಿಗೆ ಫೋರ್ ವೀಲ್ ಲಾಭದಾಯಕ. ನಾಲ್ಕು ಎಕರೆಯ ರೈತನಿಗೆ ಅದು ಸಾಲದ ಹೊರೆ. 2023–24ರ ಬರದಲ್ಲಿ ಬೇಸಿಗೆ ಬೆಳೆಗೆ ನೀರು ಸಿಗದ ಅನುಭವ ಭದ್ರಾ ಅಚ್ಚುಕಟ್ಟಿನ ಕಣ್ಣ ಮುಂದಿದೆ. ಗದ್ದೆ ಬರಡಾದರೂ ಕಂತು ನಿಲ್ಲುವುದಿಲ್ಲ. ಚಿಕ್ಕ ಹಿಡುವಳಿದಾರರಿಗಾಗಿಯೇ 2014–15ರಲ್ಲಿ ರಾಜ್ಯ ಸರ್ಕಾರ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ಆರಂಭಿಸಿತು. ಭತ್ತ ಬೆಳೆಯುವ ಹೋಬಳಿಗಳ ಕೇಂದ್ರಗಳಲ್ಲಿ ನಾಟಿಗೆ ಮೊದಲೇ ಫೋರ್ ವೀಲ್ ಟ್ರ್ಯಾಕ್ಟರ್ ಮತ್ತು ತರಬೇತಿ ಪಡೆದ ಚಾಲಕರು ಸಿದ್ಧರಿರುವಂತೆ ಕೃಷಿ ಇಲಾಖೆ ನೋಡಿಕೊಳ್ಳಲಿ. ಮನೆಗೊಂದು ಟ್ರ್ಯಾಕ್ಟರ್ ಕೊಳ್ಳಲು ಸಾಲ ಕೊಡಿಸುವುದಕ್ಕಿಂತ ಇದೇ ರೈತರಿಗೆ ಒಳ್ಳೆಯದು.