ಬಾರಕೂರಿನ ಕಬ್ಬು, ನೈಜರ್ ದಡದ ಅಕ್ಕಿ

ಅಂಬಲಪಾಡಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಕಲ್ಯಾಣಪುರದಲ್ಲಿ ಸ್ವರ್ಣಾ ನದಿ ಸಿಗುತ್ತದೆ. ಬ್ರಹ್ಮಾವರದಲ್ಲಿ ಒಳಗೆ ತಿರುಗಿದರೆ ಸೀತಾ ನದಿ, ಅದರಾಚೆ ಬಾರಕೂರು. ಹಿಂದೆ ಆಳುಪ ಅರಸರ ರಾಜಧಾನಿಯಾಗಿದ್ದ ಊರದು. ಅಲ್ಲಿಗೆ ಹೋದವರು ಕತ್ತಲೆ ಬಸದಿಯನ್ನೂ ಹಳೆಯ ದೇವಾಲಯಗಳನ್ನೂ ನೋಡಿ ಮರಳುತ್ತಾರೆ. ಆದರೆ ಗದ್ದೆಗಳಿಗೂ ಒಂದು ಚರಿತ್ರೆಯಿದೆ.

ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಕರಾವಳಿಗೆ ಬಂದಿದ್ದರು. ಬಾರಕೂರನ್ನು ಅವರು ‘ಫಾಕನೂರ್’ ಎಂದು ಕರೆದರು. ಅಲ್ಲಿನ ಕಬ್ಬನ್ನು ಬಹಳವಾಗಿ ಹೊಗಳಿದರು. ಊರಿನಲ್ಲಿ ಮುಸ್ಲಿಮರಿದ್ದರು, ಖಾಝಿ ಮತ್ತು ಖತೀಬರಿದ್ದರು, ಜುಮಾ ಮಸೀದಿಯೂ ಇತ್ತು ಎಂದು ತಮ್ಮ ಪ್ರವಾಸ ಕಥನದಲ್ಲಿ ತಿಳಿಸಿದ್ದಾರೆ. ಅಂದರೆ ಸುಮಾರು 680 ವರ್ಷಗಳ ಹಿಂದೆಯೇ ಈ ನದಿ ತೀರದ ಬದುಕಿನಲ್ಲಿ ನಮ್ಮವರೂ ಇದ್ದರು.

ಹತ್ತು ವರ್ಷಗಳ ಬಳಿಕ, 1352ರಲ್ಲಿ, ಅದೇ ಪ್ರವಾಸಿ ಸಹಾರಾ ಮರುಭೂಮಿ ದಾಟಿ ಪಶ್ಚಿಮ ಆಫ್ರಿಕಾದ ಮಾಲಿಗೆ ಹೋದರು. ಅಲ್ಲಿನ ನೈಜರ್ ನದಿಯನ್ನು ಕಂಡು ನೈಲ್ ಎಂದೇ ಭಾವಿಸಿದರು. ಪ್ರತಿವರ್ಷ ನೆರೆ ಬಂದು ಹರಡುವ ಆ ನದಿಯ ಬಯಲು ಆಫ್ರಿಕಾದ್ದೇ ಆದ ಭತ್ತದ ತಳಿಯ ತವರು. ಹಳ್ಳಿಗೆ ಪ್ರಯಾಣಿಕರು ಬಂದರೆ ಹೆಂಗಸರು ಅಕ್ಕಿ, ಸಿರಿಧಾನ್ಯ, ಹಾಲು, ಕೋಳಿ ತಂದು ಮಾರುತ್ತಿದ್ದರಂತೆ. ಮಕ್ಕಳಿಗೆ ಕುರ್‌ಆನ್ ಕಂಠಪಾಠ ಮಾಡಿಸುವುದರಲ್ಲಿ ಅಲ್ಲಿನವರಿಗಿದ್ದ ಶ್ರದ್ಧೆಯನ್ನೂ ಅವರು ಮೆಚ್ಚಿದ್ದಾರೆ.

ಸೋದರಿಯರೇ, ನಮ್ಮಲ್ಲೂ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲವಿತ್ತು. ನೇಜಿ ನೆಟ್ಟ ಕೈಗಳು ಹೆಚ್ಚಿನವು ಹೆಂಗಸರವೇ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿತು, ಕಬ್ಬಿನ ಗದ್ದೆಗಳೂ ಹೋದವು. ಹಡಿಲು ಬಿದ್ದ ಭೂಮಿಯನ್ನು ಮತ್ತೆ ಉಳಲು 2021ರಲ್ಲಿ ಉಡುಪಿಯಲ್ಲಿ ಆಂದೋಲನವನ್ನೇ ನಡೆಸಬೇಕಾಯಿತು.

ಎಲ್ಲಿಂದಲೋ ಬಂದವರು ನಮ್ಮ ಕಬ್ಬಿನ ಬಗ್ಗೆ ಹೇಳಿಹೋದರು. ನಮ್ಮ ಅಜ್ಜಿಯಂದಿರು ಯಾವ ಗದ್ದೆಯಲ್ಲಿ ಯಾವ ಭತ್ತ ಬೆಳೆದರು ಎಂಬುದನ್ನು ನಾವೇ ಕೇಳಿ ಬರೆದಿಡದಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತದೆ. ಈ ತಿಂಗಳು ಮಕ್ಕಳನ್ನು ಅವರ ಬಳಿ ಕೂರಿಸಿರಿ. ಅಂಗಳದಲ್ಲಿ ಜಾಗವಿದ್ದರೆ ಮಕ್ಕಳ ಕೈಯಿಂದಲೇ ಒಂದು ಗಿಡವನ್ನೂ ನೆಡಿಸಿರಿ. ಮುಸ್ಲಿಮನು ನೆಟ್ಟ ಗಿಡದಿಂದ ಹಕ್ಕಿಯಾಗಲಿ, ಪ್ರಾಣಿಯಾಗಲಿ, ಮನುಷ್ಯನಾಗಲಿ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.